ವಾಸನೆ ಬರದ ಕುಡಿತ

ಬೆಳಗಿನ ಕ್ಯಾಪ್ಸೂಲ್ ನುಂಗಿದ ಮೇಲೆ ಒಂದು ಗಂಟೆ ಲಿಯೋನಾ ಏನನ್ನೂ ತಿನ್ನುವ ಹಾಗಿರಲಿಲ್ಲ. ಅಪ್ಪ ಅಮ್ಮ ಮೊಟ್ಟೆ, ಬ್ರೆಡ್ಡು, ಹುರಿದ ಆಲೂಗಡ್ಡೆ ಮುಂದಿಟ್ಟುಕೊಂಡು ಪ್ರಾರ್ಥನೆಗೆ ತಲೆ ಬಗ್ಗಿಸಿದಾಗ ಅವಳೂ ಬಗ್ಗಿಸುತ್ತಿದ್ದಳು. ತಟ್ಟೆ ಮಾತ್ರ ಬೋರಲಾಗಿಯೇ ಇರುತ್ತಿತ್ತು. ಆ ಬೋರಲು ತಟ್ಟೆಯನ್ನು ಕಂಡರೆ ಅವಳಪ್ಪ ವಿಲ್ಮರ್ ಶೋವಾಲ್ಟರ್‌ಗೆ ಆಗುತ್ತಿರಲಿಲ್ಲ. ತನ್ನ ಮೇಜಿನಲ್ಲಿ ಯಾರೋ ಮುನಿಸಿಕೊಂಡು ಕೂತ ಹಾಗೆ ಕಾಣುತ್ತದೆ ಎಂಬುದು ಅವನ ದೂರು. ಒಂಬತ್ತು ವರ್ಷದಿಂದ ಅದೇ ದೂರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಅಕ್ಟೋಬರಿನ ಆ ಶನಿವಾರ ವಿಲ್ಮರ್ ಇನ್ನೂ ಮೊದಲ ತುತ್ತು ಬಾಯಿಗಿಟ್ಟಿರಲಿಲ್ಲ, ಲಿಯೋನಾ ಮಾತು ತೆಗೆದಳು.

"ನಾಳೆ ಸಮಾಧಾನದ ಭಾನುವಾರ ಅಲ್ವಾ ಅಪ್ಪ?"

"ಹೌದು. ಅದಕ್ಕೇನೀಗ?"

"ಈ ಸಲ ನಾನು ಸುಳ್ಳು ಹೇಳಲ್ಲ."

ವಿಲ್ಮರ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ಬೀವರ್ ಹಾಲೋ ಕ್ರೈಸ್ತ ಸಭೆಗೆ ಅವನು ಡೀಕನ್. ಬಡವರಿಗೆ ಸಹಾಯ ಮುಟ್ಟಿಸುವುದು, ಜಗಳ ಬಿಡಿಸುವುದು, ಸಭೆಯವರ ಮನಸ್ಸಿನಲ್ಲಿ ಒಬ್ಬರ ಮೇಲೊಬ್ಬರಿಗೆ ಕಹಿ ಉಳಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ವಸಂತದಲ್ಲೊಮ್ಮೆ, ಮಾಗಿಗೆ ಮುಂಚೆ ಒಮ್ಮೆ ಪ್ರಭುಭೋಜನ, ಯೇಸುವಿನ ನೆನಪಿಗೆ ಒಂದೇ ರೊಟ್ಟಿ, ಒಂದೇ ಬಟ್ಟಲು ಹಂಚಿಕೊಳ್ಳುವುದು. ಅದಕ್ಕೆ ಒಂದು ವಾರ ಮುಂಚಿನ ಭಾನುವಾರ ಸಭೆಯವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತು, ತಮಗೆ ದೇವರೊಂದಿಗೂ ಮನುಷ್ಯರೊಂದಿಗೂ ಸಮಾಧಾನವಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಲಾಗದವರು ರೊಟ್ಟಿಯನ್ನೂ ಬಟ್ಟಲನ್ನೂ ಮುಟ್ಟುವ ಹಾಗಿಲ್ಲ. ಅಣ್ಣ ಮರ್ಲ್ ಸತ್ತಂದಿನಿಂದ ಲಿಯೋನಾ ವರ್ಷಕ್ಕೆರಡು ಸಲ ಎದ್ದು ನಿಂತು ಸಮಾಧಾನವಿದೆ ಎಂದು ಹೇಳಿ ಕೂತಿದ್ದಳು. ಪ್ರತಿ ಸಲವೂ ನಾಲಿಗೆಯ ಮೇಲೆ ಮಾತ್ರೆ ಕರಗಿದ ಹಾಗೆ ಬಾಯೆಲ್ಲ ಕಹಿಯಾಗುತ್ತಿತ್ತು.

"ಮರ್ಲ್ ಕುಡುಕ ಆಗಿರಲಿಲ್ಲ ಅಂತ ನೀವು ಎಲ್ಲರ ಮುಂದೆ ಒಂದು ಮಾತು ಹೇಳಿ ಸಾಕು," ಅಂದಳು. "ತಪ್ಪಾಯ್ತು ಅಂತಾನೂ ಹೇಳ್ಬೇಡಿ. ಅವನು ಕುಡೀತಿರಲಿಲ್ಲ, ಅವನಿಗೆ ಕಾಯಿಲೆ ಇತ್ತು, ಇಷ್ಟೇ. ನೀವು ಹೇಳಿದ್ರೆ ನಾನು ಸಮಾಧಾನ ಇದೆ ಅಂತೀನಿ. ಇಲ್ಲ ಅಂದ್ರೆ ಇಲ್ಲ ಅಂತೀನಿ."

"ನಿನಗೆ ಕಾಯಿಲೆ ಇದೆ. ಡಾಕ್ಟ್ರು ಹೇಳಿದ್ರು, ನಾನೂ ಒಪ್ಪಿದೀನಿ," ಅಂದ ವಿಲ್ಮರ್. "ಅವನಿಗೂ ಅದೇ ಇತ್ತು ಅಂತ ಯಾವ ಡಾಕ್ಟ್ರು ಕಂಡಿದ್ದ? ದೇವರಿಗೆ ಎಲ್ಲಾ ಗೊತ್ತು. ದೇವರಿಗೆ ಗೊತ್ತಿದ್ರೆ ಸಾಲ್ದಾ ನಿಂಗೆ?"

"ದೇವರಿಗೆ ಮೊದಲಿಂದ್ಲೂ ಗೊತ್ತಿತ್ತು ಅಪ್ಪ. ಗೊತ್ತಿಲ್ದೇ ಇದ್ದದ್ದು ನಿಮಗೆ."

ಅಮ್ಮ ಓರ್ಫಾ ಕಾಫಿ ಬಗ್ಗಿಸಿದಳು. ಅವಳು ಮಾತಾಡುವವಳೇ ಅಲ್ಲ. ವಿಲ್ಮರ್ ಟೋಪಿ ತೆಗೆದುಕೊಂಡು, ಕಟ್ಟಿಗೆ ಒಡೆಯಬೇಕು ಎಂದು ಎದ್ದು ಹೋದ. ಅರ್ಧ ತಿಂದ ಬ್ರೆಡ್ಡು ತಟ್ಟೆಯಲ್ಲೇ ಉಳಿಯಿತು.

ಬೀವರ್ ಹಾಲೋ ಸಭೆಯವರು ಒಳ್ಳೆಯ ಜನ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಯಾರದಾದರೂ ಕಣಜ ಸುಟ್ಟುಹೋದರೆ ವಾರದೊಳಗೆ ಹೊಸದು ಎದ್ದು ನಿಲ್ಲುತ್ತದೆ. ಬಾಣಂತಿಯ ಮನೆಗೆ ತಿಂಗಳುಗಟ್ಟಲೆ ಊಟ ಹೋಗುತ್ತದೆ. ಅಮೆರಿಕದ ಆ ಶೆನಂಡೋವಾ ಕಣಿವೆಯಲ್ಲಿ ಅವರಷ್ಟು ಚೆನ್ನಾಗಿ ಟರ್ಕಿ ಕೋಳಿ ಸಾಕುವವರೂ ಇಲ್ಲ, ವಾದ್ಯವಿಲ್ಲದೆ ಅಷ್ಟು ಸೊಗಸಾಗಿ ಹಾಡುವವರೂ ಇಲ್ಲ. ಆದರೆ ಅವರಲ್ಲಿ ಕುಡಿದವರು ಒಬ್ಬರೂ ಇಲ್ಲ. ಅವರ ಅಜ್ಜಂದಿರೂ ಕುಡಿದಿಲ್ಲ. ಪ್ರಭುಭೋಜನದ ಬಟ್ಟಲಿನಲ್ಲೂ ಇರುವುದು ಬರೀ ದ್ರಾಕ್ಷಿ ಹಣ್ಣಿನ ರಸ. ಹೀಗಾಗಿ ಕುಡಿದ ಮನುಷ್ಯ ಹೇಗೆ ನಡೆಯುತ್ತಾನೆ, ಹೇಗೆ ಮಾತಾಡುತ್ತಾನೆ ಎಂಬುದು ಆ ಸಭೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದದ್ದೇ ದೊಡ್ಡ ಅನಾಹುತಕ್ಕೆ ಕಾರಣವಾಯಿತು. ತಿಂಗಳಿಗೊಮ್ಮೆ ತೂರಾಡುವ ಒಬ್ಬ ಪಾಪಿಯಾದರೂ ಅವರ ನಡುವೆ ಇದ್ದಿದ್ದರೆ, ಮರ್ಲ್‌ನನ್ನು ನೋಡಿ, ಇದು ನಮ್ಮ ಪೈಕಿ ಅಲ್ಲ, ಇವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಹೇಳುತ್ತಿದ್ದ.

ಮರ್ಲ್ ಲಿಯೋನಾಗಿಂತ ಒಂದು ವರ್ಷಕ್ಕೆ ದೊಡ್ಡವನು. ಸಭೆಯಲ್ಲಿ ಹಾಡು ಎತ್ತಿಕೊಡುವವನು ಅವನೇ. ಇಪ್ಪತ್ತನಾಲ್ಕು ತುಂಬುವ ಹೊತ್ತಿಗೆ ಅವನ ಕೈ ನಡುಗತೊಡಗಿತು. ಕಾಫಿ ತಟ್ಟೆಗೆ ಚೆಲ್ಲುತ್ತಿತ್ತು. ಮಾತು ತೊದಲುತ್ತಿತ್ತು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡುವವನ ಹಾಗೆ. ಕೋಳಿಮನೆಯಲ್ಲಿ ಎರಡು ಸಲ ಬಿದ್ದ. ಎಂದೂ ದನಿ ಎತ್ತದವನು ಸಣ್ಣಪುಟ್ಟದ್ದಕ್ಕೆಲ್ಲ ಸಿಡಿದು ಬೀಳತೊಡಗಿದ. ಇದು ಅದೇ ಎಂದು ಮೊದಲು ಹೇಳಿದವಳು ವಿಲ್ಮರ್‌ನ ತಂಗಿ, ವಿಧವೆ ಅಡಾ. ಏನು ಅಂತ ಬಿಡಿಸಿ ಹೇಳಲೂ ಇಲ್ಲ. ಆ ಮನೆಯಲ್ಲಿ ಆ ಪದವನ್ನು ಬಾಯಲ್ಲಿ ಆಡುವುದೂ ಪಾಪ.

ಆಮೇಲೆ ಮೂಸುವುದು ಶುರುವಾಯಿತು. ವಿಲ್ಮರ್ ಮಗನ ಲೋಟ ಮೂಸಿದ, ದಿಂಬು ಮೂಸಿದ, ಗಾಡಿಯ ಸೀಟು ಮೂಸಿದ. ಅಡಾ ಅವನ ಕೋಟು ಮೂಸಿದಳು. ಏನೂ ವಾಸನೆ ಬರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಾಸನೆಯೇ ಬರದ ಒಂದು ಜಾತಿಯ ಕುಡಿತವಿದೆ ಎಂದು ಅಡಾ ಎಲ್ಲೋ ಕೇಳಿದ್ದಳು. ಆ ಸುದ್ದಿ ಬಂದ ಮೇಲೆ ಮರ್ಲ್‌ಗೆ ಉಳಿಗಾಲವಿರಲಿಲ್ಲ. ವಾಸನೆ ಬಂದಿದ್ದರೆ ಅವನು ಕುಡುಕ; ಬರದಿದ್ದರೆ ಅವನು ಕಳ್ಳ ಕುಡುಕ. ಸಭೆಯ ಮುಂದೆ ಮೊಣಕಾಲೂರಿ ಒಪ್ಪಿಕೋ ಅಂದರು. ನಾನು ಕುಡಿದಿಲ್ಲ ಅಂದ. ಕುಡುಕನ ಜೊತೆಗೆ ಸುಳ್ಳುಗಾರ ಎಂಬುದೂ ಸೇರಿಕೊಂಡಿತು. ಸಭೆಯಿಂದ ತೆಗೆದರು. ಒಪ್ಪಿಕೊಳ್ಳುವ ತನಕ ಮನೆಗೆ ಕಾಲಿಡಬೇಡ ಎಂದು ವಿಲ್ಮರ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

ಮರ್ಲ್ ಪಟ್ಟಣದಲ್ಲಿ ಒಂದು ಟೈರ್ ಅಂಗಡಿ ಸೇರಿ, ಅದರ ಮೇಲಿನ ಕೋಣೆಯಲ್ಲಿದ್ದ. ಓರ್ಫಾ ಪ್ರತಿ ಗುರುವಾರ ಮೊಟ್ಟೆ ಮಾರಲು ಪಟ್ಟಣಕ್ಕೆ ಹೋದಾಗ ಆ ಕೋಣೆಯ ಮೆಟ್ಟಿಲ ಮೇಲೆ ಒಂದು ಬಾಟಲಿ ಸೇಬಿನ ಬೆಣ್ಣೆ ಇಟ್ಟು ಬರುತ್ತಿದ್ದಳು. ಹೆಸರಿಗೆ ಬೆಣ್ಣೆ, ಸೇಬು ದಿನವಿಡೀ ಕುದಿದು ಕಪ್ಪಗೆ ಗಟ್ಟಿಯಾದ ಪಾಕ. ಮರ್ಲ್‌ಗೆ ಚಿಕ್ಕಂದಿನಿಂದ ಅದೆಂದರೆ ಪ್ರಾಣ. ಚಮಚ ಹಾಕಿಕೊಂಡು ಹಾಗೇ ತಿನ್ನುತ್ತಿದ್ದ. ಗಂಡನ ಮಾತು ಮೀರಿ ಓರ್ಫಾ ತನ್ನ ಜೀವಮಾನದಲ್ಲಿ ಮಾಡಿದ್ದು ಅದೊಂದೇ ಕೆಲಸ.

ಎರಡನೆಯ ಚಳಿಗಾಲಕ್ಕೆ ಮರ್ಲ್ ಹಳದಿಯಾದ, ಹೊಟ್ಟೆ ಉಬ್ಬಿತು. ಆಸ್ಪತ್ರೆಯ ಡಾಕ್ಟರು, ಕುಡಿಯುವ ಅಭ್ಯಾಸವಿದೆಯೇ ಎಂದು ಕೇಳಿದಾಗ ತೊದಲುವ ಮರ್ಲ್ ಬಾಯಿ ತೆರೆಯುವುದಕ್ಕೆ ಮುಂಚೆಯೇ ವಿಲ್ಮರ್, ಹೌದು, ಎರಡು ವರ್ಷದಿಂದ ಅಂದ. ಸುಳ್ಳು ಹೇಳಬೇಕು ಅಂತಲ್ಲ. ಎಂದೂ ಸುಳ್ಳು ಹೇಳದ ಮನುಷ್ಯ ಅವನು. ಅದಕ್ಕೇ ಡಾಕ್ಟರು ನಂಬಿದರು. ಲಿವರ್ ಹೋಗಿದೆ ಅಂದಾಗ ಮತ್ತೇನೂ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಮಣ್ಣು ಮಾಡಿದ ದಿನ ಟೈರ್ ಅಂಗಡಿಯ ಮಾಲೀಕ ಬಂದು, ನಾನು ದಿನಾ ಕುಡಿಯುವವನು, ಇವನು ಕುಡಿದಿದ್ದರೆ ನನಗೆ ತಿಳಿಯದೇ ಇರುತ್ತಿತ್ತೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಕುಡುಕನ ಮಾತಿಗೆ ಬೆಲೆ ಕೊಡುವವರು ಅಲ್ಲಿ ಯಾರಿದ್ದರು?

ಮರುವರ್ಷ ವಸಂತದಲ್ಲಿ ಲಿಯೋನಾ ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಿಲ್ಲಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ತನ್ನ ಲೋಟವನ್ನೂ ಮೂಸಿಯಾರು ಎಂಬ ಹೆದರಿಕೆ. ದೃಷ್ಟಿ ಮಂಜಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕನ್ನಡಕಕ್ಕೆ ಹೋದಳು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿದವರು ಮತ್ತೆ ನೋಡಿದರು. ಕಣ್ಣುಗುಡ್ಡೆಯ ಅಂಚಿನ ಸುತ್ತ ಕಂದು ಬಣ್ಣದ, ಹೊನ್ನಿನ ಛಾಯೆಯ ಒಂದು ಬಳೆ ಇದೆ ಅಂದರು. ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ವಿಲ್ಸನ್ ಕಾಯಿಲೆ ಎಂದು ಹೆಸರು ಹೇಳಿದರು. ಲಕ್ಷ ಜನರಲ್ಲಿ ಎಲ್ಲೋ ಮೂರು ನಾಲ್ಕು ಮಂದಿಗೆ ಬರುವಂಥದ್ದು. ಊಟದಲ್ಲಿ ಬರುವ ಚೂರುಪಾರು ತಾಮ್ರವನ್ನು ಎಲ್ಲರ ಮೈ ಹೊರಗೆ ಹಾಕುತ್ತದೆ. ಇವರ ಮೈ ಹಾಕುವುದಿಲ್ಲ. ಅದು ಲಿವರಿನಲ್ಲಿ, ಮಿದುಳಿನಲ್ಲಿ, ಕಣ್ಣಿನಲ್ಲಿ ಕಿಲುಬಿನ ಹಾಗೆ ಕೂತುಬಿಡುತ್ತದೆ. ಕೈ ನಡುಗುತ್ತದೆ, ನಾಲಿಗೆ ಹೊರಳುವುದಿಲ್ಲ, ಸಿಟ್ಟು ಬರುತ್ತದೆ, ಲಿವರ್ ಹೋಗುತ್ತದೆ. ತಾಮ್ರವನ್ನು ಹಿಡಿದೆಳೆದು ಮೂತ್ರದಲ್ಲಿ ಹೊರಹಾಕುವ ಕ್ಯಾಪ್ಸೂಲ್ ಇದೆ. ಫ್ರಿಜ್ಜಿನಲ್ಲಿಟ್ಟುಕೊಂಡು, ಖಾಲಿ ಹೊಟ್ಟೆಯಲ್ಲಿ ದಿನಕ್ಕೆ ಮೂರು ಸಲ, ಜೀವ ಇರುವ ತನಕ. ಒಡಹುಟ್ಟಿದವರು ಇದ್ದಾರೆಯೇ ಎಂದು ಡಾಕ್ಟರು ಕೇಳಿದರು. ಇದ್ದರೆ ಅವರನ್ನೂ ಪರೀಕ್ಷೆ ಮಾಡಬೇಕು ಅಂದರು.

ನನ್ನ ಮಗನ ಕಣ್ಣಂಚಿನಲ್ಲಿ ಜೇನಿದೆ ಎಂದು ಓರ್ಫಾ ಹೇಳಿಕೊಳ್ಳುತ್ತಿದ್ದಳು. ಲಿಯೋನಾಗೆ ಅದು ನೆನಪಾದದ್ದು ಆಸ್ಪತ್ರೆಯ ಆ ಕುರ್ಚಿಯಲ್ಲಿ ಕೂತಿದ್ದಾಗ.

ಕ್ಯಾಪ್ಸೂಲ್ ಅವಳ ಕೈಯ ನಡುಕ ನಿಲ್ಲಿಸಿತು. ಈಗ ಅವಳು ಸಭೆಯಲ್ಲೇ ಅತ್ಯಂತ ಸಣ್ಣ ಹೊಲಿಗೆಯ ಕೌದಿ ಹೊಲಿಯುವವಳು. ಆದರೆ ಮೂರು ಹೊತ್ತೂ ಅದನ್ನು ನುಂಗುವಾಗ, ಇದೇ ಅಣ್ಣನಿಗೂ ಸಿಗಬೇಕಾಗಿದ್ದದ್ದು ಎಂಬ ಯೋಚನೆ ಗಂಟಲಿಗೆ ಅಡ್ಡ ಬರುತ್ತಿತ್ತು. ಒಂಬತ್ತು ವರ್ಷ ಒಂದು ದಿನವೂ ಬಿಡದೆ ಬಂತು.

ಆ ಶನಿವಾರ ಹತ್ತು ಗಂಟೆಯ ಹೊತ್ತಿಗೆ ಸಭೆಯ ಮಂದಿರದ ಹಿತ್ತಿಲಿನಲ್ಲಿ ಸೇಬಿನ ಬೆಣ್ಣೆಯ ತಾಮ್ರದ ಕೊಪ್ಪರಿಗೆ ಕುದಿಯುತ್ತಿತ್ತು. ವಿಲ್ಮರ್‌ನ ಮುತ್ತಜ್ಜನ ಕಾಲದ್ದು. ಇಬ್ಬರು ಹಿಡಿದರೂ ಎತ್ತಲಾಗದ್ದು. ಕಲಾಯಿ ಇಲ್ಲ, ಬರಿ ತಾಮ್ರ. ಹಿಂದಿನ ದಿನವೇ ಹೆಂಗಸರು ಉಪ್ಪು, ವಿನೆಗರ್ ಹಾಕಿ ಉಜ್ಜಿ ಉಜ್ಜಿ ಹೊಸ ನಾಣ್ಯದಂತೆ ಮಾಡಿದ್ದರು. ತಳ ಹಿಡಿಯದಿರಲಿ ಎಂದು ಹಳೆಯ ತಾಮ್ರದ ಪೆನ್ನಿ ನಾಣ್ಯಗಳನ್ನೂ ಒಂದು ಹಿಡಿ ಒಳಗೆ ಹಾಕಿದ್ದರು; ಉದ್ದನೆಯ ಮರದ ಹುಟ್ಟು ಆಡಿಸಿದಾಗೆಲ್ಲ ಅವು ಅಡಿಯಲ್ಲಿ ಗಿಲಗಿಲ ಅನ್ನುತ್ತಿದ್ದವು. ಹುಳಿ ಸೇಬು, ಸೇಬಿನ ರಸ, ದಾಲ್ಚಿನ್ನಿ, ಲವಂಗ. ವಾಸನೆಗೆ ರಸ್ತೆಯಲ್ಲಿ ಹೋಗುವವರೂ ಗಾಡಿ ನಿಲ್ಲಿಸುತ್ತಿದ್ದರು.

ಲಿಯೋನಾ ತಣ್ಣನೆಯ ಚೀಲದಲ್ಲಿ ಮಧ್ಯಾಹ್ನದ, ಸಂಜೆಯ ಕ್ಯಾಪ್ಸೂಲ್ ಇಟ್ಟುಕೊಂಡು ಬಂದಿದ್ದಳು. ಪಾಕ ಹದಕ್ಕೆ ಬಂದ ಕೂಡಲೇ ಡೀಕನ್ ತನ್ನ ಕೈಯಾರೆ ಒಬ್ಬೊಬ್ಬರಿಗೂ ಬ್ರೆಡ್ಡಿಗೆ ಸವರಿ ಕೊಡುವುದು ಬೀವರ್ ಹಾಲೋ ಪದ್ಧತಿ. ತೆಗೆದುಕೊಂಡು ತಿಂದರೆ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಅರ್ಥ. ನಾಳಿನ ಮಾತಿಗೆ ಅದು ಇವತ್ತಿನ ಮುಂಗಡ. ಲಿಯೋನಾ ಪ್ರತಿ ವರ್ಷ ಆ ಹೊತ್ತಿಗೆ ಸರಿಯಾಗಿ ಕ್ಯಾಪ್ಸೂಲ್ ನುಂಗಿಬಿಡುತ್ತಿದ್ದಳು. ನುಂಗಿದ ಮೇಲೆ ಗಂಟೆ ತನಕ ಏನೂ ತಿನ್ನುವಂತಿಲ್ಲ ಅಂದರೆ ಯಾರು ಏನು ಮಾಡಲಾದೀತು?

ಸಂಜೆ ಪಾಕ ಹದಕ್ಕೆ ಬಂದಾಗ ಅಡಾ ಮಾತ್ರ ಈ ವರ್ಷ ಬಿಡಲಿಲ್ಲ.

"ಏನೇ ಲಿಯೋನಾ, ನಿನ್ನ ಮಾತ್ರೆ ಗಂಟೆ ನಮ್ಮ ಕೊಪ್ಪರಿಗೆ ಇಳಿಸೋ ಹೊತ್ತಿಗೇ ಹೊಡೆಯುತ್ತಲ್ಲ. ಗಡಿಯಾರ ನೀನು ತಿರುಗಿಸ್ತೀಯೋ, ಅದೇ ತಿರುಗುತ್ತೋ?"

ಹುಟ್ಟು ಆಡಿಸುತ್ತಿದ್ದ ಹೆಂಗಸರು ಕಿಸಕ್ಕೆಂದರು.

"ಇನ್ನೂ ನುಂಗಿಲ್ಲ ಅತ್ತೆ."

"ಹಂಗಾದ್ರೆ ತಿನ್ನು. ನಿಮ್ಮಪ್ಪ ಕೊಡ್ತಾನೆ, ಇಸ್ಕೋ. ಒಂದು ಚೂರು ತಿಂದ್ರೆ ಪ್ರಾಣ ಹೋಗುತ್ತಾ?"

"ಆ ಕೊಪ್ಪರಿಗೆ ತಾಮ್ರ ನಂಗಾಗಲ್ಲ."

"ಕೊಪ್ಪರಿಗೇನ ಯಾರು ತಿನ್ನು ಅಂದ್ರು? ಒಳಗಿರೋದನ್ನ ತಿನ್ನು."

ಮತ್ತೆ ನಗು. ಲಿಯೋನಾಗೆ ಮೈಯೆಲ್ಲ ಉರಿದುಹೋಯಿತು. "ಹುಳಿ ಹಾಕಿ ದಿನವಿಡೀ ಕುದಿಸಿದ್ರೆ ತಾಮ್ರ ಅಲ್ಲೇ ಇರುತ್ತಾ ಅತ್ತೆ? ಪಾತ್ರೆಯಿಂದ ಬಿಡುತ್ತೆ, ಪಾಕಕ್ಕೆ ಇಳಿಯುತ್ತೆ. ಮೇಲಿಂದ ಪೆನ್ನಿ ಬೇರೆ ಹಾಕ್ತೀರ. ನಿಮಗೇನೂ ಆಗಲ್ಲ. ನನ್ನಂಥೋರಿಗೆ ಒಂದೊಂದು ಚಮಚಾನೂ..."

ಮಾತು ಅಲ್ಲಿಗೇ ನಿಂತಿತು. ಅಡಾಳ ಬೆನ್ನ ಹಿಂದೆ, ತೊಳೆದ ಬಾಟಲಿಗಳ ತಟ್ಟೆ ಹಿಡಿದು ಅಮ್ಮ ನಿಂತಿದ್ದಳು.

ಈ ಒಂದು ಮಾತನ್ನು ಲಿಯೋನಾ ಒಂಬತ್ತು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದಳು. ತಾಮ್ರದ ಪಾತ್ರೆಯಲ್ಲಿ ಮಾಡಿದ್ದನ್ನು ಮುಟ್ಟಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನವೇ ಅವಳಿಗೆ ಆ ಗುರುವಾರಗಳು, ಆ ಮೆಟ್ಟಿಲು, ಆ ಬಾಟಲಿಗಳು ಕಣ್ಣಿಗೆ ಕಟ್ಟಿದ್ದವು. ಅಪ್ಪನಿಗೆ ಚುಚ್ಚಬೇಕು ಎಂದು ಎಷ್ಟೋ ಸಲ ಅನ್ನಿಸಿದರೂ ಅವಳು ಈ ಸೂಜಿಯನ್ನು ಎತ್ತಿಕೊಂಡಿರಲಿಲ್ಲ. ಅದು ಅಪ್ಪನಿಗೆ ತಗುಲುವ ಸೂಜಿಯೇ ಅಲ್ಲ.

"ಅಯ್ಯೋ, ಅದೇನು ದೊಡ್ಡದಲ್ಲ ಬಿಡಿ," ಅಂದಳು ಗಡಿಬಿಡಿಯಲ್ಲಿ. "ಡಾಕ್ಟ್ರುಗಳು ಏನಾದ್ರೂ ಹೇಳ್ಬೇಕಲ್ಲ, ಹೇಳ್ತಾರೆ. ಎಲ್ಲಿ, ಕೊಡಿ ಅಪ್ಪ."

ವಿಲ್ಮರ್ ಆಗಷ್ಟೇ ಪಾಕ ಸವರಿದ ಬ್ರೆಡ್ಡನ್ನು ಮಗಳ ಮುಖ ನೋಡುತ್ತ ಚಾಚಿದ. ಅವನ ಮುಖ ಸಡಿಲವಾಯಿತು. ಬೆಳಗಿನ ಮಾತನ್ನು ಮಗಳು ಕೈಬಿಟ್ಟಳು ಎಂದೇ ಅವನು ತಿಳಿದ. ಅದೂ ಗೊತ್ತಾಯಿತು ಲಿಯೋನಾಗೆ. ತಿಂದರೆ ಮೈಗೆ ತಾಮ್ರ, ಅಣ್ಣನ ಹೆಸರಿಗೆ ಮಣ್ಣು. ತಿನ್ನದಿದ್ದರೆ ಅಮ್ಮನಿಗೆ ಆ ಸೂಜಿ. ಅವಳು ಹಲ್ಲು ಕಚ್ಚಿಕೊಂಡು ಬ್ರೆಡ್ಡನ್ನು ಬಾಯ ಹತ್ತಿರ ತಂದಳು.

ಓರ್ಫಾ ತಟ್ಟೆ ಕೆಳಗಿಟ್ಟು ಬಂದು ಅದನ್ನು ಕಿತ್ತುಕೊಂಡಳು. ಕಿತ್ತು ಕೊಪ್ಪರಿಗೆಯ ಕೆಳಗಿನ ಬೆಂಕಿಗೆ ಎಸೆದಳು. ಆಮೇಲೆ ಮಗಳ ರಟ್ಟೆ ಹಿಡಿದು ಕಟ್ಟಿಗೆ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ನಾನು ದಡ್ಡಿ ಅಂದ್ಕೊಂಡಿದೀಯಾ?" ಅಂದಳು.

"ಅಮ್ಮ, ಅದು..."

"ನಿನ್ನ ಡಾಕ್ಟ್ರನ್ನ ನಾನೇ ಕೇಳಿದ್ದೆ. ಮೊದಲನೇ ವರ್ಷಾನೇ. ನೀನು ರಕ್ತ ಕೊಡೋಕೆ ಒಳಗೆ ಹೋಗಿದ್ದಾಗ." ಓರ್ಫಾ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು, ಒದ್ದೆ ಇಲ್ಲದ ಕೈ. "ತಾಮ್ರದ ಕೊಪ್ಪರಿಗೇಲಿ ಮಾಡಿದ ಸೇಬಿನ ಬೆಣ್ಣೆ ತಿಂದ್ರೆ ಏನಾಗುತ್ತೆ ಅಂತ ಕೇಳ್ದೆ. ಯಾರಿಗೆ ಅಂತ ಅವರು ಕೇಳಲಿಲ್ಲ. ಒಳ್ಳೆ ಮನುಷ್ಯ."

"ಅದಿಲ್ದಿದ್ರೂ ಕಾಯಿಲೆ ಇರ್ತಿತ್ತು ಅಮ್ಮ. ಹುಟ್ಟಿದಾಗ್ಲೇ ಬಂದದ್ದು. ಔಷಧ ಇಲ್ದೆ ಅವನು ಹೇಗೂ ಉಳೀತಿರಲಿಲ್ಲ."

"ಅವರೂ ಹಂಗೇ ಅಂದ್ರು. ಇರ್ತಿತ್ತು. ಆದ್ರೆ ನಾನು ತಿನ್ನಿಸ್ತಿರಲಿಲ್ಲ."

ಲಿಯೋನಾ ಅಮ್ಮನ ಕೈ ಹಿಡಿದುಕೊಂಡಳು. ಈ ಒಂಬತ್ತು ವರ್ಷ ಅಮ್ಮ ಹಲ್ಲುನೋವು ಎಂದು ನೆಪ ಹೇಳಿ ಸೇಬಿನ ಬೆಣ್ಣೆ ಮುಟ್ಟದಿದ್ದದ್ದು ಅವಳಿಗೆ ಈಗ ಅರ್ಥವಾಯಿತು. ಒಂದೇ ಮನೆಯಲ್ಲಿ ಒಂದೇ ಗುಟ್ಟನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಕೂತಿದ್ದರು. ಅವಳಿಗೆ ಅಳು ಬಂತು, ಅಪ್ಪನ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟೂ ಬಂತು.

"ನಾಳೆ ನೀನು ಸುಮ್ನಿರು," ಅಂದಳು ಓರ್ಫಾ. "ನಿಂಗೆ ಇನ್ನೂ ಬಾಳಿ ಬದುಕೋದಿದೆ ಇವರ ನಡುವೆ. ನಿಮ್ಮಪ್ಪ ಹೇಳಿದ್ರೆ ಸರಿ. ಹೇಳ್ದೇ ಇದ್ರೆ ನಾನು ಹೇಳ್ತೀನಿ. ಹೋಗು, ಕ್ಯಾಪ್ಸೂಲ್ ತಗೋ. ಹೊತ್ತಾಯ್ತು."

ಭಾನುವಾರ ಗಂಡಸರ ಸಾಲು ಮೊದಲು. ಡೀಕನ್ ಎಲ್ಲರಿಗಿಂತ ಮೊದಲು. ಬಿಷಪ್ಪರು ಕೇಳಿದರು, "ಸಹೋದರ ವಿಲ್ಮರ್, ದೇವರೊಂದಿಗೂ ಮನುಷ್ಯರೊಂದಿಗೂ ನಿನಗೆ ಸಮಾಧಾನ ಇದೆಯಾ?"

ವಿಲ್ಮರ್ ಎದ್ದು ನಿಂತ. ಹೆಂಗಸರ ಕಡೆ ತಿರುಗಿದ. ಓರ್ಫಾ ಅವನನ್ನೇ ನೋಡುತ್ತಿದ್ದಳು. ಹಿಂದಿನ ರಾತ್ರಿ ಅವಳು ಅವನಿಗೆ ಎಲ್ಲವನ್ನೂ ಹೇಳಿದ್ದಳು, ಬಾಟಲಿಗಳನ್ನೂ ಸೇರಿಸಿ. ಅವನು ಕೇಳಿಸಿಕೊಂಡು ಬೈಬಲ್ ತೆರೆದು ಕೂತಿದ್ದ, ಹಾಳೆ ಮಗುಚಿರಲಿಲ್ಲ. ಈಗ ಅವನು ಬಾಯಿ ತೆರೆದ. ಲಿಯೋನಾ ಬೆಂಚಿನ ಅಂಚು ಹಿಡಿದುಕೊಂಡಳು. ಹೇಳುತ್ತಾನೆ, ಈಗ ಹೇಳುತ್ತಾನೆ ಅನ್ನಿಸಿತು ಅವಳಿಗೆ. ಸಿಟ್ಟೆಲ್ಲ ಇಳಿದು, ಅಪ್ಪ ಪಾಪ ಎಂದೂ ಅನ್ನಿಸಿತು.

"ಸಮಾಧಾನ ಇದೆ," ಅಂದ ವಿಲ್ಮರ್. ಕೂತ.

ಉಳಿದ ಗಂಡಸರು ಎದ್ದರು, ಹೇಳಿದರು, ಕೂತರು. ಹೆಂಗಸರ ಸಾಲು ಬಂತು. ಅಡಾ ಸಮಾಧಾನವಿದೆ ಎಂದು ಗಟ್ಟಿಯಾಗಿ ಹೇಳಿದಳು. ಓರ್ಫಾ ಎದ್ದು ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಳು. ಅರವತ್ತೊಂದು ವರ್ಷದಲ್ಲಿ ಅವಳು ಆ ಕಟ್ಟಡದೊಳಗೆ ಒಂದು ವಾಕ್ಯಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ಹಿಡಿದ ಕೈ ಗಡಗಡ ನಡುಗುತ್ತಿತ್ತು, ಬೆಂಚು ಸದ್ದು ಮಾಡುವಷ್ಟು.

"ನಂಗೆ ಸಮಾಧಾನ ಇಲ್ಲ," ಅಂದಳು. ಅಳು ಒತ್ತರಿಸಿ ಬಂದು ಮಾತು ತೊದಲಿತು. "ನನ್ನ ಮಗ ಕುಡೀತಿರಲಿಲ್ಲ. ಒಂದು ಹನೀನೂ ಇಲ್ಲ. ಅವನಿಗೆ ಕಾಯಿಲೆ ಇತ್ತು. ನಾವು ಅವನ್ನ ಆಚೆಗೆ ಹಾಕಿದ್ವಿ. ನೀವು ಹಾಕಿದ್ರಿ, ನಾನು ಸುಮ್ನಿದ್ದೆ. ಸುಮ್ನಿದ್ದು ಅವನಿಗೆ ತಾಮ್ರ ತಿನ್ನಿಸ್ದೆ. ಪ್ರತಿ ಗುರುವಾರ ತಿನ್ನಿಸ್ದೆ."

ಕೊನೆಯ ಮಾತು ಲಿಯೋನಾಗೆ, ವಿಲ್ಮರ್‌ಗೆ ಬಿಟ್ಟು ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ತಾಮ್ರ ತಿನ್ನಿಸುವುದು ಅಂದರೇನು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಯೋನಾ ಎದ್ದು ಅಮ್ಮನ ಪಕ್ಕ ನಿಂತು, "ನಂಗೂ ಸಮಾಧಾನ ಇಲ್ಲ. ಅಮ್ಮ ಹೇಳಿದ್ದು ನಿಜ," ಅಂದಳು. ಅದನ್ನು ಯಾರು ಕೇಳಿಸಿಕೊಂಡರೋ ಯಾರು ಬಿಟ್ಟರೋ. ಎಲ್ಲರ ಕಣ್ಣು ಓರ್ಫಾಳ ಕೈಯ ಮೇಲಿತ್ತು.

"ಸಹೋದರಿ ಓರ್ಫಾಗೆ ಆಯಾಸ ಆಗಿದೆ," ಅಂದರು ಬಿಷಪ್ಪರು, ಬಹಳ ಮೃದುವಾಗಿ. "ಅವರಿಗಾಗಿ ಪ್ರಾರ್ಥನೆ ಮಾಡೋಣ." ಪ್ರಭುಭೋಜನ ಮುಂದಿನ ಭಾನುವಾರವೇ ನಡೆಯುವುದೆಂದೂ, ಸಮಾಧಾನವಿಲ್ಲದ ಇಬ್ಬರು ಈ ಸಲ ಹೊರಗುಳಿಯಲೆಂದೂ ತೀರ್ಮಾನವಾಯಿತು. ಮರ್ಲ್‌ನ ಹೆಸರನ್ನು ಯಾರೂ ಎತ್ತಲಿಲ್ಲ.

ಮಂಗಳವಾರ ಮಧ್ಯಾಹ್ನ ಅಡಾ ಕುಂಬಳಕಾಯಿಯ ಪೈ ಹಿಡಿದುಕೊಂಡು ಬಂದಳು. ಓರ್ಫಾ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋಗಿದ್ದಳು. ಅವಳ ಪುದೀನ ಚಹಾದ ಲೋಟ ಅರ್ಧ ಕುಡಿದು ಮೇಜಿನ ಮೇಲಿತ್ತು. ವಿಲ್ಮರ್ ಊಟಕ್ಕೆ ಕಾಯುತ್ತ ಕೂತಿದ್ದ. ಲಿಯೋನಾ ಫ್ರಿಜ್ಜಿನ ಬಾಗಿಲು ತೆರೆದು ತನ್ನ ಕ್ಯಾಪ್ಸೂಲ್ ತೆಗೆಯುತ್ತಿದ್ದಳು.

"ಅತ್ತಿಗೆ ಹೇಗಿದಾರೆ ಅಣ್ಣ?" ಅಂದಳು ಅಡಾ. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಅಡಾ ಕೆಟ್ಟವಳೇನೂ ಅಲ್ಲ. "ಊರಲ್ಲೆಲ್ಲ ಕೇಳ್ತಿದಾರೆ. ಆ ಕೈ ನಡುಗೋದು, ಆ ತೊದಲೋದು, ಏನೇನೋ ಅರ್ಥ ಇಲ್ದ ಮಾತು. ಮಗ ಹೋದ ದುಃಖ, ಪಾಪ. ದುಃಖಕ್ಕೆ ಮನುಷ್ಯ ಏನೇನೋ ಹಿಡ್ಕೊಂಡ್ಬಿಡ್ತಾನೆ. ನೀನು ಗಮನಿಸಿದೀಯಾ ಇಲ್ವಾ?"

"ಏನನ್ನ?" ಅಂದ ವಿಲ್ಮರ್.

ಅಡಾ ಮೇಜಿನ ಕಡೆ ಬಾಗಿದಳು. ಓರ್ಫಾಳ ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಿ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಪುದೀನ ಅಷ್ಟೇ," ಅಂದಳು, ದನಿ ತಗ್ಗಿಸಿ. "ಬೇರೆ ಏನೂ ವಾಸನೆ ಇಲ್ಲ ಅಣ್ಣ."

ಲಿಯೋನಾ ಅಂಗೈಯಲ್ಲಿ ತಣ್ಣನೆಯ ಕ್ಯಾಪ್ಸೂಲ್ ಹಿಡಿದು ಹಾಗೇ ನಿಂತಳು. ಅಮ್ಮನ ಬಗ್ಗೆ ಈ ಮನುಷ್ಯನಿಗೆ ಎಲ್ಲಾ ಗೊತ್ತಿದೆ. ಮೂವತ್ತೇಳು ವರ್ಷ ಅವಳ ಜೊತೆ ಬಾಳಿದ್ದಾನೆ. ತಾಮ್ರ ಅಂದರೆ ಏನು ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಾಳೆ. ಒಂದು ಮಾತು ಸಾಕು, ತಂಗಿಯ ಕೈಯಿಂದ ಲೋಟ ಕಿತ್ತು ಮೇಜಿನ ಮೇಲೆ ಕುಕ್ಕಿದರೂ ಸಾಕು. ಅವಳು ಅಪ್ಪನನ್ನೇ ನೋಡಿದಳು. ಹೊರಗೆ ಅಮ್ಮ ಒದ್ದೆ ಹಾಸಿಗೆ ಬಟ್ಟೆ ಕೊಡವುವ ಸದ್ದು ಕೇಳಿಸುತ್ತಿತ್ತು.

"ಇಲ್ಲಿ ಕೊಡು," ಅಂದ ವಿಲ್ಮರ್.

ಅಡಾ ಕೊಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಸ್ವಲ್ಪ ಹೊತ್ತು ಅದರೊಳಗೆ ನೋಡಿದ. ಆಮೇಲೆ ತಲೆ ಬಗ್ಗಿಸಿ ತಾನೂ ಮೂಸಿದ.